ಅಮ್ಮನ ಸಿಆರ್‌ಪಿ

“ಸಿಆರ್‌ಪಿ ಅಂದ್ರೆ ನಮ್ಮ ಸ್ಕೂಲಿಗೆ ಬರ್ತಿದ್ರಲ್ಲ, ಅವರೇನೋ?”

ಆರು ವರ್ಷದ ಹಿಂದೆ ರಕ್ತಪರೀಕ್ಷೆಯ ಚೀಟಿ ಮೊದಲ ಸಲ ಕೈಗೆ ಬಂದಾಗ ಅಮ್ಮ ಕೇಳಿದ ಪ್ರಶ್ನೆ ಇದು. ಅಮ್ಮ ತಿಪಟೂರಿನ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. ಅವರ ಪಾಲಿಗೆ ಸಿಆರ್‌ಪಿ ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಶಾಲೆಗೆ ಬಂದು, ಮಕ್ಕಳ ಓದು ನೋಡಿ, ಬರೆದುಕೊಂಡು ಹೋಗುವವರು. “ಹೆಚ್ಚುಕಮ್ಮಿ ಅದೇ ಕೆಲಸ ಅಮ್ಮ, ಇದು ಮೈಯೊಳಗಿನ ಇನ್‌ಸ್ಪೆಕ್ಷನ್” ಅಂದಿದ್ದೆ. ಇಬ್ಬರೂ ನಕ್ಕಿದ್ವಿ.

ಅಷ್ಟೊತ್ತಿಗಾಗಲೇ ಅಮ್ಮನಿಗೆ ಬೆಳಿಗ್ಗೆ ಎದ್ದರೆ ಬೆರಳು ಮಡಿಸಲು ಆಗುತ್ತಿರಲಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಚಾಕ್‌ಪೀಸ್ ಜಾರುತ್ತಿತ್ತು. ಚಳಿಗೆ, ವಯಸ್ಸಿಗೆ ಅಂತ ಒಂದು ವರ್ಷ ಎಣ್ಣೆ ತಿಕ್ಕಿಕೊಂಡು ಕಳೆದರು. ಕೊನೆಗೆ ಬೆಂಗಳೂರಿನ ಕೀಲುರೋಗ ತಜ್ಞರು ರುಮಟಾಯ್ಡ್ ಆರ್ಥ್ರೈಟಿಸ್ ಅಂದರು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿ ನಮ್ಮ ಕೀಲುಗಳ ಮೇಲೆ ಬೀಳುವ ಕಾಯಿಲೆ. ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರುವಾಯಿತು. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಆಮೇಲೆ ಡಾಕ್ಟರ ಭೇಟಿ.

ನಾನು ಸಾಫ್ಟ್‌ವೇರಿನವನು. ಅಂಕಿ ಕಂಡರೆ ಎಕ್ಸೆಲ್ ತೆಗೆಯುವ ಚಟ. ಇಎಸ್‌ಆರ್‌ಗೆ ಒಂದು ಕಾಲಂ, ಸಿಆರ್‌ಪಿಗೆ ಒಂದು ಕಾಲಂ, ಕೆಳಗೆ ಗ್ರಾಫ್. ಗೆರೆ ಇಳಿದರೆ ಅಮ್ಮ ಹುಷಾರು, ಏರಿದರೆ ಇಲ್ಲ. ಇಷ್ಟು ಸಲೀಸು ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದಿನ ದೀಪಾವಳಿಗೆ ಅಪ್ಪ ಅಮ್ಮ ನಮ್ಮ ಬೆಂಗಳೂರಿನ ಮನೆಗೆ ಬಂದಿದ್ದರು. ಪರೀಕ್ಷೆಯ ದಿನವೂ ಹತ್ತಿರ ಬಂದಿತ್ತು. ಯಾವಾಗಲೂ ತಿಪಟೂರಿನ ಲ್ಯಾಬಿನಲ್ಲೇ ಮಾಡಿಸುತ್ತಿದ್ದವರು, ಆ ಸಲ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವವರಿಗೆ ಹೇಳಿದೆವು. ಅವರು ಊರಿಗೆ ಹೊರಟ ಸಂಜೆ ರಿಪೋರ್ಟ್ ಮೊಬೈಲಿಗೆ ಬಂತು. ಸಿಆರ್‌ಪಿ 1.4. ಹಿಂದಿನ ಸಲ 16 ಇತ್ತು! ಇಎಸ್‌ಆರ್ ಮಾತ್ರ 42ರಿಂದ 38ಕ್ಕೆ, ಅಂದರೆ ಇದ್ದಲ್ಲೇ ಇತ್ತು. ಇಎಸ್‌ಆರ್ ನಿಧಾನವಾಗಿ ಇಳಿಯುತ್ತೆ ಅಂತ ಎಲ್ಲೋ ಓದಿದ್ದೆನಲ್ಲ, ಅದನ್ನೇ ಸಮಾಧಾನಕ್ಕೆ ಇಟ್ಟುಕೊಂಡೆ.

“ಅಮ್ಮಾ, ಸಿಆರ್‌ಪಿ ಪೂರ್ತಿ ಬಿದ್ದೋಗಿದೆ!” ಅಂತ ಫೋನ್ ಮಾಡಿದೆ.

“ಹೌದೇನೋ? ಬೆರಳು ಹಂಗೆ ಹೇಳ್ತಿಲ್ವಲ್ಲೋ.”

“ರಿಪೋರ್ಟ್ ಸುಳ್ಳು ಹೇಳಲ್ಲ ಅಮ್ಮ. ಪ್ರಯಾಣದ ಸುಸ್ತು ಇರಬೇಕು.”

ಅಮ್ಮ ಸರಿ ಅಂದರು. ಆಫೀಸಿನಲ್ಲಿ ಆಗ ರಿಲೀಸ್ ಇತ್ತು. ಅಂಕಿ ಚೆನ್ನಾಗಿದೆಯಲ್ಲ ಅಂತ ಡಾಕ್ಟರ ಅಪಾಯಿಂಟ್‌ಮೆಂಟನ್ನು ಆರು ವಾರ ಮುಂದೆ ಹಾಕಿಬಿಟ್ಟೆ.

ಆಮೇಲೆ ಫೋನಿನಲ್ಲಿ ಅಮ್ಮ ನೋವಿನ ಮಾತೇ ಎತ್ತಲಿಲ್ಲ. ಒಂದು ದಿನ ಅಪ್ಪ ಮೆಲ್ಲಗೆ ಹೇಳಿದರು: “ನಿಮ್ಮಮ್ಮ ಹೂ ಕಟ್ಟೋದು ಬಿಟ್ಟಿದ್ದಾಳೆ ಕಣೋ. ದೇವರಿಗೆ ಕಟ್ಟಿದ ಹೂವೇ ತರಿಸ್ತಾಳೆ. ಕೇಳಿದ್ರೆ, ಮಗ ರಿಪೋರ್ಟ್ ನಾರ್ಮಲ್ ಅಂದಿದ್ದಾನೆ, ನಂದೇ ಭ್ರಮೆ ಇರಬೇಕು ಅಂತಾಳೆ.”

ಆ ಮಾತು ಕೇಳಿ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಮಾರನೇ ವಾರವೇ ಕರೆಸಿಕೊಂಡೆ.

ಡಾಕ್ಟರು ರಿಪೋರ್ಟ್ ನೋಡಲೇ ಇಲ್ಲ. ಮೊದಲು ಅಮ್ಮನ ಕೈ ಹಿಡಿದು ಒಂದೊಂದೇ ಕೀಲು ಒತ್ತಿ ನೋಡಿದರು. ಭುಜ, ಮೊಣಕೈ, ಮಣಿಕಟ್ಟು, ಬೆರಳ ಬುಡ, ಬೆರಳ ನಡುವಿನ ಗೆಣ್ಣು, ಮಂಡಿ ಎಲ್ಲ ಸೇರಿ 28. ಎಷ್ಟು ಕಡೆ ಊತ, ಎಷ್ಟು ಕಡೆ ನೋವು ಅಂತ ಬರೆದುಕೊಂಡರು. “ಸೊನ್ನೆಯಿಂದ ನೂರರೊಳಗೆ ನಿಮ್ಮ ಕಷ್ಟ ಎಷ್ಟು ಹೇಳಿ ಟೀಚರ್” ಅಂದರು. ಅಮ್ಮ ನನ್ನ ಮುಖ ನೋಡಿ, ಆಮೇಲೆ “ಅರವತ್ತು” ಅಂದರು.

ನಾನು ಮೊಬೈಲ್ ಮುಂದೆ ಹಿಡಿದೆ. “ಆದ್ರೆ ಸರ್, ಸಿಆರ್‌ಪಿ 16ರಿಂದ 1.4ಕ್ಕೆ...”

ಅವರು ಪರದೆಯನ್ನು ದೊಡ್ಡದು ಮಾಡಿ ಅಂಕಿಯ ಪಕ್ಕ ಬೆರಳಿಟ್ಟರು. “ಇದು ಮಿಲಿಗ್ರಾಂ ಪ್ರತಿ ಡೆಸಿಲೀಟರ್. ನಿಮ್ಮೂರಿನ ಲ್ಯಾಬ್ ಕೊಡೋದು ಮಿಲಿಗ್ರಾಂ ಪ್ರತಿ ಲೀಟರ್. ಹತ್ತರಿಂದ ಗುಣಿಸಿ.”

ಹದಿನಾಲ್ಕು. ಏನೂ ಇಳಿದಿರಲಿಲ್ಲ. ಅಲ್ಲೇ ಪಕ್ಕದಲ್ಲಿ 0.5ಕ್ಕಿಂತ ಕಡಿಮೆ ಇರಬೇಕು ಅಂತಲೂ ಅಚ್ಚಾಗಿತ್ತು. ನಾನು ಅಂಕಿಯನ್ನಷ್ಟೇ ನೋಡಿದ್ದೆ.

1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಹೋಗಿ ನಾಶವಾಯಿತು. ಒಂದು ತಂಡದ ಸಾಫ್ಟ್‌ವೇರ್ ಬ್ರಿಟಿಷ್ ಅಳತೆಯಲ್ಲಿ ಲೆಕ್ಕ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ಮೆಟ್ರಿಕ್ ಅಂದುಕೊಂಡಿತ್ತು. ಆಫೀಸಿಗೆ ಹೊಸದಾಗಿ ಸೇರಿದವರಿಗೆ ಈ ಕಥೆಯನ್ನು ನಾನೇ ಎಷ್ಟೋ ಸಲ ಹೇಳಿದ್ದೇನೆ. ಮನೆಯಲ್ಲಿ ಅದೇ ತಪ್ಪು ಮಾಡಿ ಕೂತಿದ್ದೆ.

ಡಾಕ್ಟರು ಬೈಯಲಿಲ್ಲ. ಬದಲಿಗೆ ಹತ್ತು ನಿಮಿಷ ಕೂರಿಸಿ ಪಾಠ ಮಾಡಿದರು. ಇಎಸ್‌ಆರ್ ಅಂದರೆ ರಕ್ತವನ್ನು ಸಣ್ಣ ಉದ್ದನೆಯ ಕೊಳವೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ರಕ್ತಕಣ ಎಷ್ಟು ಮಿಲಿಮೀಟರ್ ಕೆಳಗೆ ಇಳಿಯಿತು ಅಂತ ಅಳೆಯುವುದು. ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಫೈಬ್ರಿನೋಜೆನ್‌ನಂಥ ಪ್ರೋಟೀನ್ ಹೆಚ್ಚಾಗಿ, ಕಣಗಳು ನಾಣ್ಯ ಪೇರಿಸಿಟ್ಟ ಹಾಗೆ ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಆದರೆ ರಕ್ತಹೀನತೆ ಇದ್ದರೂ ಇಎಸ್‌ಆರ್ ಏರುತ್ತದೆ, ವಯಸ್ಸಾದಂತೆಯೂ ಏರುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಸಿಆರ್‌ಪಿ ನಮ್ಮ ಲಿವರ್ ತಯಾರಿಸುವ ಒಂದು ಪ್ರೋಟೀನ್. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಅದು ಮೊದಲು ಪತ್ತೆಯಾಯಿತು. ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಏರುತ್ತದೆ, ಕಾರಣ ಹೋದರೆ ಒಂದು ದಿನದೊಳಗೇ ಅರ್ಧಕ್ಕೆ ಬರುತ್ತದೆ. ಇಎಸ್‌ಆರ್ ಇಳಿಯಲು ವಾರಗಳು ಬೇಕು. “ಎರಡೂ ಮನೆಯಲ್ಲಿ ಹೊಗೆ ಇದೆ ಅಂತ ಹೇಳ್ತವೆ. ಅಡುಗೆಮನೇಲೋ, ಹಿತ್ತಲಲ್ಲೋ ಅಂತ ಹೇಳಲ್ಲ” ಅಂದರು. ಮೂತ್ರದ ಸೋಂಕು, ಹಲ್ಲಿನ ಕೀವು, ಜ್ವರ ಯಾವುದಕ್ಕಾದರೂ ಏರಬಹುದು. ಇನ್ನು ಕೀಲು ಊದಿದ್ದರೂ ಎರಡೂ ನಾರ್ಮಲ್ ಬರುವ ರೋಗಿಗಳಿದ್ದಾರೆ. ಲೂಪಸ್‌ನಂಥ ಕಾಯಿಲೆಯಲ್ಲಂತೂ ರೋಗ ಜೋರಿದ್ದರೂ ಸಿಆರ್‌ಪಿ ಅಷ್ಟಾಗಿ ಏರದೇ ಇರುವುದುಂಟು. ಅದಕ್ಕೇ ಅವರ ಲೆಕ್ಕದಲ್ಲಿ ನಾಲ್ಕು ಅಂಶ: ಊದಿದ ಕೀಲು, ನೋವಿನ ಕೀಲು, ರೋಗಿಯ ಮಾತು, ಇಎಸ್‌ಆರ್ ಅಥವಾ ಸಿಆರ್‌ಪಿ. ನಾನು ಒಂದನ್ನೇ ಹಿಡಿದುಕೊಂಡು ಉಳಿದ ಮೂರನ್ನು ಬಿಟ್ಟಿದ್ದೆ.

ಎಕ್ಸ್‌ರೇಯಲ್ಲಿ ಬಲಗೈ ತೋರುಬೆರಳ ಬುಡದ ಮೂಳೆಯಲ್ಲಿ ಸಣ್ಣ ಸವೆತ ಕಂಡಿತು. ಅದು ಆ ಆರು ವಾರದಲ್ಲೇ ಆಯಿತಾ ಅಂತ ಕೇಳಿದೆ. “ಹಾಗೆ ಹೇಳೋಕಾಗಲ್ಲ, ಮೊದಲೇ ಶುರುವಾಗಿರಬಹುದು” ಅಂದರು. ಅವರು ಒಳ್ಳೆಯ ಮನುಷ್ಯರು. ಹೋದ ಮೂಳೆ ಹಿಂದಿನ ಹಾಗೆ ತುಂಬಿಕೊಳ್ಳುವುದು ಕಷ್ಟ ಅಂತಲೂ ಹೇಳಿದರು. ಇನ್ನೊಂದು ಮಾತ್ರೆ ಸೇರಿಸಿದರು.

ರೈಲಿನಲ್ಲಿ ಅವರನ್ನು ಕೂರಿಸುವಾಗ “ಸಾರಿ ಅಮ್ಮ” ಅಂದೆ. “ಮೂವತ್ತು ವರ್ಷ ಮಾರ್ಕ್ಸ್ ಹಾಕಿದೀನಿ ಕಣೋ. ಮಾರ್ಕ್ಸ್ ನೋಡಿ ಮಗೂನ ಅಳೀಬಾರದು ಅಂತ ನಂಗೇ ಗೊತ್ತಿರಬೇಕಿತ್ತು. ನಾನೂ ಸುಮ್ನಿದ್ದೆನಲ್ಲ” ಅಂದರು.

ಈಗ ನನ್ನ ಎಕ್ಸೆಲ್ ಬೇರೆ ಥರ ಇದೆ. ಅಂಕಿಯ ಪಕ್ಕ ಅಳತೆ, ಲ್ಯಾಬಿನ ಮಿತಿ, ಆ ವಾರ ಜ್ವರ, ಸೋಂಕು ಇತ್ತಾ, ಹಿಮೋಗ್ಲೋಬಿನ್ ಎಷ್ಟು ಅನ್ನುವುದಕ್ಕೆಲ್ಲ ಕಾಲಂ ಇದೆ. ಪರೀಕ್ಷೆ ಆದಷ್ಟೂ ಒಂದೇ ಲ್ಯಾಬಿನಲ್ಲಿ. ರಕ್ತಕಣದ ಎಣಿಕೆ, ಲಿವರ್, ಕಿಡ್ನಿ ಪರೀಕ್ಷೆಗಳನ್ನೂ ತಪ್ಪಿಸುವುದಿಲ್ಲ. ಅವು ಕಾಯಿಲೆಗಿಂತ ಹೆಚ್ಚಾಗಿ ಮಾತ್ರೆಯ ಅಡ್ಡಪರಿಣಾಮಕ್ಕೆ ಕಾವಲು. ಅಂಕಿ ಏರಿದರೂ ಇಳಿದರೂ ಮಾತ್ರೆಯ ಲೆಕ್ಕ ನಾವು ಮುಟ್ಟುವುದಿಲ್ಲ, ಡಾಕ್ಟರ ಭೇಟಿ ಮುಂದೆ ಹಾಕುವುದಿಲ್ಲ.

ಹೋದ ವರ್ಷ ಒಮ್ಮೆ ಇಎಸ್‌ಆರ್ 60 ಬಂತು. ಮೊದಲಾಗಿದ್ದರೆ ಗಾಬರಿ ಬೀಳುತ್ತಿದ್ದೆ. ಸಿಆರ್‌ಪಿ ನಾರ್ಮಲ್, ಬೆರಳು ಹಗುರ, ಹಿಮೋಗ್ಲೋಬಿನ್ ಮಾತ್ರ 9. ಡಾಕ್ಟರು ರಕ್ತಹೀನತೆಗೆ ಔಷಧಿ ಕೊಟ್ಟರು, ಮುಂದಿನ ಸಲಕ್ಕೆ ಇಎಸ್‌ಆರ್ ಇಳಿದಿತ್ತು.

ಎಕ್ಸೆಲ್‌ನ ಮೊದಲ ಕಾಲಂ ಮಾತ್ರ ಅಮ್ಮನದು. ಬೆಳಿಗ್ಗೆ ಎದ್ದ ಮೇಲೆ ಮುಷ್ಟಿ ಬಿಗಿಯಲು ಎಷ್ಟು ಹೊತ್ತು ಬೇಕಾಯಿತು ಅಂತ ಅವರು ಹಳೇ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಭಾನುವಾರ ಫೋನಿನಲ್ಲಿ ಓದಿ ಹೇಳುತ್ತಾರೆ, ನಾನು ತುಂಬಿಸುತ್ತೇನೆ. ಹೋದ ಭಾನುವಾರದ್ದು: ಸೋಮವಾರ ಹದಿನೈದು ನಿಮಿಷ, ಮಂಗಳವಾರ ಹದಿನೈದು, ಬುಧವಾರ ಹತ್ತು. ಗುರುವಾರ ನಿಮಿಷ ಬರೆದಿರಲಿಲ್ಲ.

“ಯಾಕಮ್ಮ?”

“ಅವತ್ತು ಮಲ್ಲಿಗೆ ಕಟ್ತಾ ಕೂತೆ ಕಣೋ. ಗಡಿಯಾರ ನೋಡೋದು ಮರ್ತೇ ಹೋಯ್ತು.”