ಏರಿಗೆ ಟರ್ಬೊ, ಇಳಿಜಾರಿಗೆ?

ಮಲೆನಾಡಿನಲ್ಲಿ ಗಾಡಿಯ ತಾಕತ್ತು ಗೊತ್ತಾಗುವುದು ಏರಿನಲ್ಲಿ. ಸಾಗರದ ಹತ್ತಿರದ ವರದಹಳ್ಳಿಯ ನಾವು ಅಣ್ಣತಮ್ಮಂದಿರು ಹಳೆಯ ಟಾಟಾ ಲಾರಿಯೊಂದನ್ನು ನಂಬಿ ಬದುಕಿದವರು. ಕುಂದಾಪುರದ ಕಡೆಯಿಂದ ಹಂಚು ಹೇರಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ನಮ್ಮ ಲಾರಿ ಕಪ್ಪು ಹೊಗೆ ಕಾರುತ್ತಾ ತೆವಳುತ್ತಿತ್ತು. ಹೊಸ ಲಾರಿಗಳು ಹಾರನ್ ಹೊಡೆದು ಮುಂದೆ ಹೋಗುತ್ತಿದ್ದವು. ಬಾಡಿಗೆಯೂ ಅವುಗಳ ಹಿಂದೆಯೇ ಹೋಗತೊಡಗಿತು. ಹೊಸದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಹಾಗಾಗಿ ಹಳೆಯ ಎಂಜಿನಿಗೇ ಟರ್ಬೊ ಕೂರಿಸುವ ಮಾತು ಮನೆಯಲ್ಲಿ ಎದ್ದಿತು.

ನಮ್ಮದು 697 ಎಂಜಿನ್. ಆರು ಸಿಲಿಂಡರ್, ಒಂದೊಂದರ ಬೋರ್ 97 ಮಿಲಿಮೀಟರ್. ಹೆಸರಿನ ಗುಟ್ಟು ಇಷ್ಟೇ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆಗೂಡಿ ಲಾರಿ ತಯಾರಿಸತೊಡಗಿದರಲ್ಲ, ಆ ವಂಶದ ಕುಡಿ ಇದು. ಮುಂದೆ ಕಂಪೆನಿಯೇ ಇದಕ್ಕೆ ಟರ್ಬೊ ಸೇರಿಸಿ '697 ಟಿಸಿ' ಎಂದು ಹೊರತಂದಿತು. ಕಂಪೆನಿ ಮಾಡಿದ್ದನ್ನು ನಾವೇಕೆ ಮಾಡಬಾರದು ಎಂಬುದು ನಮ್ಮ ವಾದ.

ಟರ್ಬೊದ ತತ್ವ ಸರಳವಾದದ್ದು. ಡೀಸೆಲ್ಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಸಿಲಿಂಡರಿಗೆ ಗಾಳಿ ತುರುಕುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಗಾಳಿ ಹೆಚ್ಚಿದರೆ ಹೆಚ್ಚು ಡೀಸೆಲ್ ಉರಿಸಬಹುದು, ಎಳೆಯುವ ಬಲ ಹೆಚ್ಚುತ್ತದೆ.

ಗುಜರಿಯಲ್ಲಿ ಒಂದು ಟರ್ಬೊ ನೋಡಿಟ್ಟು ನಮ್ಮ ಮೇಸ್ತ್ರಿಯ ಬಳಿ ಹೋದೆವು. ವಯಸ್ಸಾದವರು, ಮಾತು ಕಡಿಮೆ.

"ಕೂರಿಸೋದು ಅರ್ಧ ದಿನದ ಕೆಲಸ ತಮ್ಮಾ. ಆದರೆ ಒತ್ತಡ ತಡೆಯೋ ಪಿಸ್ಟನ್ ಎಲ್ಲಿದೆ? ಹೆಡ್ ಗ್ಯಾಸ್ಕೆಟ್ ತಡೀತದಾ? ರೇಡಿಯೇಟರ್ ಸಾಲ್ತದಾ?" ಎಂದರು. ಟರ್ಬೊದ ದಂಡ ನಿಮಿಷಕ್ಕೆ ಲಕ್ಷ ಸುತ್ತಿನವರೆಗೂ ತಿರುಗುತ್ತದೆ, ಅದನ್ನು ಕಾಯುವುದು ತೆಳುವಾದ ಎಣ್ಣೆಯ ಪದರ ಮಾತ್ರ. ಘಾಟಿ ಹತ್ತಿದ ಕೂಡಲೇ ಎಂಜಿನ್ ಆರಿಸಿದರೆ ಆ ಎಣ್ಣೆ ಅಲ್ಲೇ ಸುಟ್ಟು ಕರಿಯಾಗುತ್ತದೆ. ಕಂಪೆನಿ ಟರ್ಬೊ ಒಂದನ್ನೇ ಸೇರಿಸಿ ಕೈತೊಳೆದುಕೊಳ್ಳುವುದಿಲ್ಲ, ಇಡೀ ಎಂಜಿನನ್ನು ಅದಕ್ಕೆ ಸಜ್ಜುಗೊಳಿಸುತ್ತದೆ ಎಂದು ವಿವರಿಸಿದರು.

ಕೊನೆಗೆ ಕೇಳಿದ ಪ್ರಶ್ನೆ ನಮ್ಮನ್ನು ಸುಮ್ಮನಾಗಿಸಿತು: "ಹತ್ತೋಕೆ ಟರ್ಬೊ ಹಾಕ್ತೀರಿ, ಲೋಡೂ ಜಾಸ್ತಿ ಹೇರ್ತೀರಿ. ಇಳಿಯೋಕೆ ಏನು ಹಾಕ್ತೀರಿ?"

ಬ್ರೇಕು ಹಳೆಯದೇ ತಾನೆ! ಹುಲಿಕಲ್ಲಿನ ತಿರುವಿನಲ್ಲಿ ಎದುರಿಗೆ ಬರುವ ಬಸ್ಸಿನಲ್ಲಿ ನಮ್ಮಂಥವರ ಮಕ್ಕಳೇ ಇರುತ್ತಾರೆ. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ಬದಲಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ಒಪ್ಪುವುದಿಲ್ಲ. ನಾಳೆ ಅಪಘಾತವಾದರೆ ವಿಮೆಯವರು ಕೇಳುವ ಪ್ರಶ್ನೆಗೆ ನಾವು ಉತ್ತರ ಕೊಡಬೇಕು.

ಟರ್ಬೊಗೆಂದು ಕೂಡಿಟ್ಟ ಹಣದಲ್ಲಿ ನಾಝಲ್, ಪಂಪು ಸರಿಮಾಡಿಸಿ, ಬ್ರೇಕ್ ಲೈನರ್ ಬದಲಿಸಿದೆವು. ಹೊಗೆ ಕಡಿಮೆಯಾಯಿತು. ಹಂಚನ್ನೂ ತುಸು ಕಡಿಮೆ ಹೇರತೊಡಗಿದೆವು. ಬಾಡಿಗೆ ಹೆಚ್ಚಲಿಲ್ಲ ನಿಜ. ಎರಡು ವರ್ಷದ ನಂತರ ಲಾರಿಯನ್ನು ಮಾರಬೇಕಾಯಿತು, ತಮ್ಮ ಬೇರೆಯವರ ಗಾಡಿಗೆ ಡ್ರೈವರಾಗಿ ಹೋದ. ಆ ನೋವು ಸಣ್ಣದಲ್ಲ. ಆದರೆ ಮಾರುವ ದಿನ, ಕೊಳ್ಳಲು ಬಂದವರಿಗೆ ಎಂಜಿನ್ ಬಗ್ಗೆ ಏನನ್ನೂ ಮುಚ್ಚಿಡುವ ಅಗತ್ಯ ನಮಗೆ ಬರಲಿಲ್ಲ.