ಹೊಸ ಸೈಟು, ಹಳೆ ಫೈಲು

ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ಸೇರಿ ಒಂದು ವೆಬ್‌ಸೈಟ್ ಮಾಡುವುದು ಅಂತ ತೀರ್ಮಾನವಾಯ್ತು. ಒಬ್ಬರ ಮನೆ ಕುಂದಾಪುರ, ಒಬ್ಬರದ್ದು ಬೈಂದೂರು, ಇನ್ನೊಬ್ಬರದ್ದು ಬ್ರಹ್ಮಾವರ. ವಿಷಯಕ್ಕೆ ಬರವಿರಲಿಲ್ಲ. ನಮ್ಮಲ್ಲೊಬ್ಬರ ಅಜ್ಜ ಶಾಲೆ ಮೇಷ್ಟ್ರು. ಕುಂದಾಪ್ರ ಕನ್ನಡದ ಶಬ್ದಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಒಮ್ಮೆ ಟೈಪ್ ಕೂಡ ಮಾಡಿಸಿದ್ದರು. ಅಜ್ಜ ಈಗಿಲ್ಲ. ಪುಸ್ತಕ ಗೆದ್ದಲಿನ ಪಾಲಾಯ್ತು. ಉಳಿದದ್ದು ಆ ಫೈಲು ಮಾತ್ರ.

ಡ್ರೀಮ್‌ವೀವರ್‌ನಲ್ಲಿ 'ನ್ಯೂ ಸೈಟ್' ಒತ್ತಿದರೆ ಅದು ಮೊದಲು ಕೇಳುವುದು ಎರಡೇ ಪ್ರಶ್ನೆ. ಸೈಟಿನ ಹೆಸರೇನು? ಫೈಲುಗಳನ್ನು ಇಡುವ ಫೋಲ್ಡರ್ ಯಾವುದು? ಎರಡಕ್ಕೂ ಐದು ನಿಮಿಷದಲ್ಲಿ ಉತ್ತರ ಕೊಟ್ಟೆವು. ಬಣ್ಣ ಆರಿಸಲು ಮಾತ್ರ ಎರಡು ದಿನ ಹಿಡಿಯಿತು! ಮೇಲೆ ಮರವಂತೆಯ ಫೋಟೋ: ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಮೆನುವಿನಲ್ಲಿ ಮೂರು ತಾಲೂಕಿಗೆ ಮೂರು ಬಟನ್. ಒಳಗೆ ಎಲ್ಲ ಕಡೆ 'ಲೋರೆಮ್ ಇಪ್ಸಮ್'. ನಮ್ಮ ಕಣ್ಣಿಗೆ ಕೆಲಸ ಮುಗಿದೇ ಹೋಗಿತ್ತು.

ಮೂರನೇ ದಿನ ನಿಜವಾದ ಅಕ್ಷರ ಹಾಕಿದೆವು. ತಲೆಬರಹದಲ್ಲಿ 'ಕುಂದಾಪ್ರ' ಅಂತ ಬರೆದರೆ 'ಕುಂದಾಪ' ಅಂತ ಕಾಣ್ತದೆ. ಬಾಕ್ಸಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಸರಿಯಾಗಿ ಇಟ್ಟಿದ್ದೆವು, ಕೆಳಗಿನ ಒತ್ತು ಕತ್ತರಿಸಿ ಹೋಗಿತ್ತು. ಎತ್ತರದ ಮಿತಿ ತೆಗೆದು, ಲೈನ್ ಹೈಟ್ 1.8 ಮಾಡಿದ ಮೇಲೆ ನಮ್ಮ ಊರು ಪೂರ್ತಿ ಬಂತು. ಪುಟದ ಭಾಷೆಯನ್ನು 'ಇಎನ್' ಇದ್ದದ್ದು 'ಕೆಎನ್' ಮಾಡಿದೆವು.

ಆಮೇಲೆ ಅಜ್ಜನ ಫೈಲು. ಕಾಪಿ ಮಾಡಿ ಅಂಟಿಸಿದರೆ ಕನ್ನಡದ ಒಂದಕ್ಷರವೂ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಪುಟ ಯುಟಿಎಫ್-8ರಲ್ಲೇ ಇತ್ತು. ಆದರೆ ಫೈಲು ಯುನಿಕೋಡ್ ರೂಢಿಗೆ ಬರುವ ಮೊದಲಿನದ್ದು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟ್ ಹೋದರೆ ಕನ್ನಡವೂ ಹೋಯ್ತು. ಸ್ವಲ್ಪ ಹೊತ್ತು ಮೂವರೂ ಮಾತಾಡಲಿಲ್ಲ.

ಕನ್ವರ್ಟರ್‌ನಲ್ಲಿ ಹಾಕಿದಾಗ ಹೆಚ್ಚಿನದೆಲ್ಲ ಮರಳಿ ಬಂತು. ಆದರೆ 'ಬಾರ್ಕೂರು' ಇದ್ದದ್ದು 'ಬಾಕೂರ್ರು' ಆಗಿತ್ತು. ಹಳೆ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಟೈಪ್ ಮಾಡ್ತಾರೆ; ಯುನಿಕೋಡ್‌ನಲ್ಲಿ ಉಚ್ಚಾರದಂತೆ 'ರ್' ಮೊದಲು ಬರಬೇಕು. ಊರಿನ ಹೆಸರಾದ್ದರಿಂದ ಇದು ಗೊತ್ತಾಯ್ತು. ನಾವು ಕೇಳಿಯೇ ಇಲ್ಲದ ಶಬ್ದಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಹೇಳುವವರು ಯಾರು?

ಪ್ರಿಂಟ್ ತೆಗೆದುಕೊಂಡು ಅಜ್ಜಿ ಹತ್ತಿರ ಹೋದೆವು. ಕನ್ನಡಕ ಹಾಕಿ "ಕಾಂಬ" ಅಂದರು. ನಾವು ಓದುವುದು, ಅವರು ತಿದ್ದುವುದು. ಕೆಲವು ಶಬ್ದಕ್ಕೆ "ಇದ್ ನಮ್ಮ್ ಬದಿ ಅಲ್ಲ, ಬೈಂದೂರ್ ಬದಿದ್" ಅಂದರು. ಆಗ ಬೈಂದೂರಿನವರು "ನಮ್ಮಲ್ಲೂ ಇಲ್ಲ ಅಜ್ಜಿ" ಅಂದದ್ದೂ ಉಂಟು. ಕೊನೆಗೆ ಮೂರು ಬಟನ್ ತೆಗೆದೇ ಹಾಕಿದೆವು. ಬೈಂದೂರು, ಬ್ರಹ್ಮಾವರ ತಾಲೂಕುಗಳಾದದ್ದು 2018ರಲ್ಲಿ. ಶಬ್ದಗಳಿಗೆ ಆ ಗಡಿ ಎಲ್ಲಿಂದ ಗೊತ್ತಿರಬೇಕು?

ಈಗ ಮತ್ತೊಂದು 'ನ್ಯೂ ಸೈಟ್' ಮಾಡಿದ್ದೇವೆ. ಈ ಸಲ ಫೋಲ್ಡರಿಗೆ ಮೊದಲು ಹೋದದ್ದು ಅಜ್ಜಿ ತಿದ್ದಿದ ಶಬ್ದಪಟ್ಟಿ, ಯುನಿಕೋಡ್‌ನಲ್ಲಿ. ಪಕ್ಕದಲ್ಲೇ ಅಜ್ಜನ ಮೂಲ ಫೈಲು, ಅದರ ಫಾಂಟಿನ ಜೊತೆಗೆ, ಮುಟ್ಟದೆ ಹಾಗೇ ಇದೆ. ಬಣ್ಣ ಇನ್ನೂ ಆರಿಸಿಲ್ಲ. ನಿಮ್ಮ ಮನೆಯ ಹಳೆ ಸಿಡಿ, ಪೆನ್‌ಡ್ರೈವಿನಲ್ಲಿ ಇಂಥ ಫೈಲು ಇದ್ದರೆ ಈ ರಜೆಯಲ್ಲೇ ತೆಗೆದು ನೋಡಿ. ಫೈಲನ್ನು ಕನ್ವರ್ಟ್ ಮಾಡಲು ಟೂಲ್ ಸಿಗ್ತದೆ. ಅದನ್ನು ಓದಿ ತಿದ್ದುವವರು ಮನೆಯಲ್ಲಿ ಇರುವಾಗಲೇ ಈ ಕೆಲಸ ಆಗಬೇಕು.