ಅಡ್ಡ ಬಂದವರು ಯಾರು

ಹೆಲ್ಮೆಟ್ಟಿನ ಒಳಗೆ, ಕಿವಿಗೂ ಸ್ಪಂಜಿಗೂ ನಡುವೆ ಫೋನ್ ಸಿಕ್ಕಿಸಿಕೊಳ್ಳುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಶಾಲೆ ತಲುಪುವ ಹೊತ್ತಿಗೆ ಎಡಗೆನ್ನೆಯ ಮೇಲೆ ಅದರ ಅಂಚಿನ ಗೆರೆ ಮೂಡಿರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಹೆಲ್ಮೆಟ್ ಬಿಗಿ ಎನ್ನುತ್ತಿದ್ದೆ. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಮನೆಯಿಂದ ಶಾಲೆಗೆ ಸ್ಕೂಟರಿನಲ್ಲಿ ಕಾಲು ಗಂಟೆ. ಮನೆಯಲ್ಲಿ ಅಡುಗೆ, ಶಾಲೆಯಲ್ಲಿ ಮಕ್ಕಳು. ಶಿವಮೊಗ್ಗದ ಅಕ್ಕನ ಜೊತೆ ಮನಸ್ಸು ಬಿಚ್ಚಿ ಮಾತಾಡಲು ನನಗೆ ಸಿಗುತ್ತಿದ್ದದ್ದು ಆ ಕಾಲು ಗಂಟೆ ಮಾತ್ರ. ವರ್ಷಗಟ್ಟಲೆ ಹೀಗೆ ಮಾತಾಡಿಕೊಂಡೇ ಓಡಾಡಿದೆ. ಏನೂ ಆಗಿರಲಿಲ್ಲ. ಏನೂ ಆಗಲಿಲ್ಲ ಎಂಬುದನ್ನೇ ನಾನು ಹುಷಾರಿ ಎನ್ನುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದೆ.

2024ರ ಆಗಸ್ಟ್ 14, ಬುಧವಾರ. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಬೆಳಿಗ್ಗೆ ಎಂಟೂವರೆಗೆ ಕುವೆಂಪುನಗರದ ಒಳರಸ್ತೆಯಲ್ಲಿ ಹೋಗುತ್ತಿದ್ದೆ. ಅಕ್ಕ ತಾವರೆ ಹೂವಿನ ರೇಟು ಹೇಳುತ್ತಿದ್ದಳು. ಕಳಶಕ್ಕೆ ಇಡುವ ಅಮ್ಮನ ಕಾಲದ ಬೆಳ್ಳಿ ಮುಖವಾಡ ಈ ಸಲ ಯಾರ ಮನೆಯಲ್ಲಿ ಅನ್ನುವ ಮಾತೂ ಬಂತು. ಅದು ನಮ್ಮಿಬ್ಬರ ನಡುವಿನ ಹಳೆಯ ವಿಷಯ. ಉತ್ತರ ಹುಡುಕುತ್ತಲೇ ಎಡಕ್ಕೆ ತಿರುಗಿದೆ.

ಆಮೇಲೆ ನೆನಪಿರುವುದು ಹಸಿರು. ರಸ್ತೆ ತುಂಬ ಸಬ್ಬಸಿಗೆ, ದಂಟು, ಮೆಂತ್ಯದ ಕಟ್ಟುಗಳು. ಬಾಳೆನಾರಿನಲ್ಲಿ ಬಿಗಿದ ಕಟ್ಟೊಂದು ಬಿಚ್ಚಿ ನನ್ನ ಸ್ಕೂಟರಿನ ಮುಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತು. ಸೈಕಲ್ಲಿನ ಹಿಂದಿನ ಗಾಲಿ ಇನ್ನೂ ತಿರುಗುತ್ತಿತ್ತು. ಮುದುಕರೊಬ್ಬರು ಬಲಗೈಯನ್ನು ಎದೆಗೆ ಒತ್ತಿ ಹಿಡಿದು ಚರಂಡಿಯ ಕಲ್ಲಿನ ಮೇಲೆ ಕೂತಿದ್ದರು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಜನ ಸೇರಿದರು. ಏನಾಯ್ತು ಮೇಡಂ ಎಂದು ಯಾರೋ ಕೇಳಿದರು. ನನ್ನ ಬಾಯಿಂದ ಬಂದದ್ದು ಇದು: "ಅಜ್ಜ ಇದ್ದಕ್ಕಿದ್ದ ಹಾಗೆ ಅಡ್ಡ ಬಂದುಬಿಟ್ಟರು."

ಯೋಚಿಸಿ ಹೇಳಿದ ಮಾತಲ್ಲ ಅದು. ಆದರೆ ಯೋಚಿಸದೆಯೇ ಅಷ್ಟು ಸಲೀಸಾಗಿ ಬಂತಲ್ಲ ಎನ್ನುವುದೇ ಇವತ್ತಿಗೂ ನನ್ನನ್ನು ಕಾಡುತ್ತದೆ. ಇಬ್ಬರು ಗಂಡಸರು ಕೂಡಲೇ ಒಪ್ಪಿಕೊಂಡರು, ಈ ಸೈಕಲ್ಲಿನವರೇ ಹಿಂಗೆ ಅಂತ. ಆಗ ನನ್ನ ಹೆಲ್ಮೆಟ್ಟಿನ ಒಳಗಿಂದ ಅಕ್ಕನ ದನಿ ಕೇಳಿತು: "ಹಲೋ, ಏನೇ ಅದು ಸದ್ದು? ಹಲೋ?" ಪಕ್ಕದಲ್ಲೇ ನಿಂತಿದ್ದ ಇಸ್ತ್ರಿ ಗಾಡಿಯವನು ನನ್ನ ಕಿವಿಯ ಕಡೆ ನೋಡಿದ. ಅಜ್ಜನೂ ನೋಡಿದರು. ಇಬ್ಬರೂ ಏನೂ ಹೇಳಲಿಲ್ಲ. ನಾನು ಫೋನ್ ಎಳೆದು ತೆಗೆದು ಆಫ್ ಮಾಡಿ ಬ್ಯಾಗಿಗೆ ಹಾಕಿದೆ. ಕಳ್ಳಮಾಲು ಬಚ್ಚಿಡುವಂತೆ ಬಚ್ಚಿಟ್ಟೆ.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆದರು. ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು, ಆರು ವಾರ ಪಟ್ಟಿ. ಒಳಗೆ ಪಟ್ಟಿ ಹಾಕುತ್ತಿದ್ದಾಗ ನಾನು ಹೊರಗಿನ ಬೆಂಚಿನ ಮೇಲೆ ಕೂತು, ಅದೇ ಫೋನ್ ಆನ್ ಮಾಡಿ, ಕಾನೂನು ಹುಡುಕಿದೆ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಆದರೂ ಬರೆಯಬೇಕು. ಅಜ್ಜನ ಕೈ ಹೇಗಿದೆ ಎಂದು ಒಳಗೆ ಇಣುಕುವ ಬದಲು ನಾನು ಹುಡುಕುತ್ತಿದ್ದದ್ದು ತಪ್ಪಿಸಿಕೊಳ್ಳುವ ದಾರಿಯನ್ನು. ದಾರಿ ಸಿಕ್ಕಿತು ಕೂಡ. ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅಪಾಯಕಾರಿ ಚಾಲನೆಯದ್ದು. 2019ರ ತಿದ್ದುಪಡಿಯಲ್ಲಿ ಅದಕ್ಕೊಂದು ವಿವರಣೆ ಸೇರಿದೆ. ಕೆಂಪು ದೀಪ ದಾಟುವುದು, ನಿಲುಗಡೆಯ ಫಲಕ ಮೀರುವುದು, ಚಾಲನೆ ಮಾಡುವಾಗ 'ಕೈಯಲ್ಲಿ ಹಿಡಿಯುವ' ಸಂವಹನ ಸಾಧನ ಬಳಸುವುದು. ಮೊದಲ ಸಲಕ್ಕೆ ಸಾವಿರದಿಂದ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕರೆ ದಂಡ ಹತ್ತು ಸಾವಿರ.

ನನ್ನ ಕಣ್ಣು ನಿಂತದ್ದು ದಂಡದ ಮೇಲಲ್ಲ, 'ಕೈಯಲ್ಲಿ ಹಿಡಿಯುವ' ಎಂಬ ವಿಶೇಷಣದ ಮೇಲೆ. ನನ್ನ ಕೈಯಲ್ಲಿ ಫೋನ್ ಇರಲಿಲ್ಲವಲ್ಲ! ಎರಡೂ ಕೈ ಹ್ಯಾಂಡಲ್ ಮೇಲಿದ್ದವು. ಎದೆ ಹಗುರಾಯಿತು. ಒಳಗೆ ಅಜ್ಜ ನೋವಿಗೆ ಒಮ್ಮೆ ಕೂಗಿಕೊಂಡದ್ದು ಕೇಳಿದ್ದೂ ಆ ಗಳಿಗೆಯಲ್ಲೇ.

ಮೂರು ಸಾವಿರ ರೂಪಾಯಿ ಕೈಗಿಟ್ಟು, ಬೇರೆ ಆಟೋ ಮಾಡಿ ಊರಿಗೆ ಕಳಿಸಿದೆ. ಬೋಗಾದಿಯಿಂದಾಚೆ ಒಂದು ಹಳ್ಳಿ ಅವರದು. ಮನೆಯಲ್ಲಿ ಯಜಮಾನರಿಗೂ ಅದೇ ಮಾತು ಹೇಳಿದೆ, ಅಜ್ಜ ಅಡ್ಡ ಬಂದರು ಅಂತ. ಶಾಲೆಯಲ್ಲೂ ಹೇಳಿದೆ. ನಾಲ್ಕನೇ ಸಲ ಹೇಳುವಷ್ಟರಲ್ಲಿ ನನಗೇ ನಂಬಿಕೆ ಬರತೊಡಗಿತ್ತು. ಶುಕ್ರವಾರ ಕಳಶ ಇಟ್ಟೆ, ದಾರ ಕಟ್ಟಿಕೊಂಡೆ, ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಟ್ಟೆ. ಮುಖವಾಡ ಅಕ್ಕನ ಮನೆಗೇ ಹೋಯಿತು.

ಸೋಮವಾರ ಹಣ್ಣು ತೆಗೆದುಕೊಂಡು ಅವರ ಹಳ್ಳಿಗೆ ಹೋದೆ. ಅಜ್ಜನ ಮಗ ಬಾಗಿಲಲ್ಲೇ ಎದುರಾದ. ನಾನು ಬಾಯಿ ತೆರೆಯುವ ಮೊದಲೇ ಕೈಮುಗಿದು, "ನಮ್ಮಪ್ಪಂಗೆ ಕಣ್ ಸರಿಯಾಗಿ ಕಾಣಕ್ಕಿಲ್ಲ ಮೇಡಂ. ನಿಮಗೂ ತೊಂದ್ರೆ ಆಯ್ತು. ಇನ್ಮೇಕೆ ಸೈಕಲ್ ಮುಟ್ಟಕ್ಕೆ ಬುಡಾಕಿಲ್ಲ, ಮಾರಕ್ಕೆ ಹೇಳಿವ್ನಿ" ಅಂದ. ಅವನು ನನ್ನ ಕ್ಷಮೆ ಕೇಳುತ್ತಿದ್ದ. ಸೊಸೆ ಲೋಟದ ತುಂಬ ಕಾಫಿ ತಂದಿಟ್ಟಳು. ಅಜ್ಜ ಗೋಡೆಗೊರಗಿ ಕೂತಿದ್ದರು. ಬಿಳಿ ಪಟ್ಟಿಯ ತುದಿಯಲ್ಲಿ ಅವರ ಬೆರಳುಗಳು ಕಂಡವು. ಸೊಪ್ಪಿನ ಕರೆ ಉಗುರಿನ ಸಂದಿಯಲ್ಲಿ ಕಪ್ಪಾಗಿ ನಿಂತಿತ್ತು. ಎಷ್ಟು ವರ್ಷ ತೊಳೆದರೂ ಹೋಗದ ಕರೆ. ಆ ಕೈಯಿಂದ ಆರು ವಾರ ಒಂದು ಕಟ್ಟೂ ಕಟ್ಟುವಂತಿರಲಿಲ್ಲ.

ಮಗ ಒಳಗೆ ಹೋದ ಮೇಲೆ ಅಜ್ಜ ತಗ್ಗಿದ ದನಿಯಲ್ಲಿ ಕೇಳಿದರು: "ಕೈ ಸರಿಯಾಯ್ತದೆ ಬುಡವ್ವ. ನಾ ಅಡ್ಡ ಬಂದೆ ಅಂದ್ಯಲ್ಲ, ಅದ್ಯಾಕವ್ವ? ನಾ ನನ್ ಪಾಡಿಗೆ ಎಡಗಡೆ ನೆಟ್ಟಗೆ ಹೋಯ್ತಿದ್ದೆ. ನೀನು ತಿರುಗ್ತೀಯ ಅಂತ ಬೆಲ್ ಹೊಡ್ದೆ. ಎರಡ್ ಸಲ ಹೊಡ್ದೆ."

ನನಗೆ ಬೆಲ್ ಕೇಳಿರಲಿಲ್ಲ. ಈಗಲೂ ಎಷ್ಟು ನೆನಪಿಸಿಕೊಂಡರೂ ಆ ಸದ್ದು ನೆನಪಿಗೆ ಬರುವುದಿಲ್ಲ. ತಾವರೆಯ ರೇಟು ನೆನಪಿದೆ.

ಮಗನನ್ನು ಕರೆದು ನಿಜ ಹೇಳಿದೆ. ನಾನು ಫೋನಿನಲ್ಲಿದ್ದೆ, ನೋಡದೆ ತಿರುಗಿದೆ, ನಿಮ್ಮ ತಂದೆಗೆ ಅಡ್ಡ ಹೋದವಳು ನಾನೇ, ಅವರ ಕಣ್ಣಿಗೆ ಏನೂ ಆಗಿಲ್ಲ ಎಂದೆ. ಅವನು ಒಂದು ಮಾತೂ ಆಡದೆ ಎದ್ದು ಹಿತ್ತಿಲಿಗೆ ಹೋದ. ಸೊಸೆ ಕೇಳಿದಳು: "ಆರು ವಾರ ನಾವೇನ್ ಉಣ್ಣಾನ ಮೇಡಂ?" ಅದು ಬೈಗುಳವಲ್ಲ, ಲೆಕ್ಕ. ದಿನದ ಗಳಿಕೆ ಎಷ್ಟೆಂದು ಕೇಳಿ ಅಷ್ಟನ್ನೂ ಕೊಟ್ಟೆ. ಸೈಕಲ್ ಮಾರಾಟ ನಿಂತಿತು. ಬರುವಾಗ ಆ ಒಳರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಇಸ್ತ್ರಿ ಗಾಡಿಯವನಿಗೂ ಹೇಳಿದೆ. "ನನಗೆ ಗೊತ್ತು ಮೇಡಂ" ಎಂದು ಅವನು ಪೆಟ್ಟಿಗೆಯ ಕೆಂಡ ಊದಿದ.

ಪೊಲೀಸ್ ಠಾಣೆಗೂ ಹೋದೆ. ಅಪಘಾತವಾದರೆ ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸಬೇಕು, ಆದಷ್ಟು ಬೇಗ, ಇಪ್ಪತ್ನಾಲ್ಕು ಗಂಟೆಯೊಳಗೆ ಠಾಣೆಗೆ ತಿಳಿಸಬೇಕು ಎನ್ನುತ್ತದೆ ಅದೇ ಕಾಯ್ದೆಯ 134ನೇ ಕಲಮು. ನಾನು ಹೋದದ್ದು ಐದು ದಿನ ಕಳೆದ ಮೇಲೆ. ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದು ಒಂದೂವರೆ ತಿಂಗಳಾಗಿತ್ತಷ್ಟೆ. ಹಳೆಯ 279ರ ಜಾಗದಲ್ಲಿ 281 ಎಂದು ಬರೆದುಕೊಂಡರು. ತಪ್ಪೊಪ್ಪಿಕೊಂಡು ದಂಡ ಕಟ್ಟಿದೆ.

ಈಗ ವಕೀಲನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ದಿನಗಳಲ್ಲಿ ಜೊತೆಗಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ಸಿಕ್ಕಿದ್ದ ಸಮಾಧಾನವನ್ನು ಅವನಿಗೆ ಹೇಳಿದಾಗ, "ಮೇಡಂ, 'ಕೈಯಲ್ಲಿ ಹಿಡಿಯುವ' ಅನ್ನೋದು ಸಾಧನದ ವಿಶೇಷಣ ಅಲ್ವಾ? ನಿಮ್ಮ ಕೈಯದ್ದಲ್ಲ" ಅಂದ. ವಿಶೇಷಣ ಯಾವ ನಾಮಪದಕ್ಕೆ ಸೇರುತ್ತದೆ ಎಂದು ಎಂಟನೇ ಕ್ಲಾಸಿನಲ್ಲಿ ಅವನಿಗೆ ಹೇಳಿಕೊಟ್ಟವಳು ನಾನೇ. ಇನ್ನೊಂದು ಸಂಗತಿಯನ್ನೂ ಅವನು ತೋರಿಸಿದ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಕೇಂದ್ರದ ನಿಯಮದ ಪ್ರಕಾರ, ಚಾಲನೆಯಲ್ಲಿ ಇಂಥ ಸಾಧನವನ್ನು ದಾರಿ ನೋಡಿಕೊಳ್ಳುವುದಕ್ಕೆ ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ. ಅಕ್ಕನ ಜೊತೆ ಹಬ್ಬದ ಮಾತಾಡುವುದು ಅದರಲ್ಲಿ ಎಲ್ಲಿಯೂ ಸೇರುವುದಿಲ್ಲ.

ಕಾನೂನಿನ ಅರ್ಥವನ್ನು ಕೋರ್ಟುಗಳು ಹೇಗೆ ಬೇಕಾದರೂ ಜಗ್ಗಾಡಲಿ, ಕೈ ಖಾಲಿ ಇದ್ದರೆ ಸಾಕು ಎನ್ನುವ ನಂಬಿಕೆಯೇ ಸುಳ್ಳು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಫೋನಿನಲ್ಲಿ ಮಾತಾಡುವ ಚಾಲಕರನ್ನೂ ಕುಡಿದ ಚಾಲಕರನ್ನೂ ಹೋಲಿಸಿ ನೋಡಿದರು. ಮಾತಾಡುವವರ ಬ್ರೇಕು ತಡವಾಗುತ್ತಿತ್ತು. ಕೈಯಲ್ಲಿ ಹಿಡಿದು ಮಾತಾಡಿದರೂ, ಹಿಡಿಯದೆ ಮಾತಾಡಿದರೂ ವ್ಯತ್ಯಾಸ ಕಾಣಲಿಲ್ಲ. ಅವರು ಕುಡಿಸಿದ್ದು ರಕ್ತದಲ್ಲಿ ಮದ್ಯದ ಪ್ರಮಾಣ ಶೇಕಡಾ 0.08 ತಲುಪುವಷ್ಟು, ನಮ್ಮ ದೇಶದಲ್ಲಿ 0.03 ದಾಟಿದರೇ ಅಪರಾಧ. ಕುಡಿದು ಗಾಡಿ ಓಡಿಸುವವರನ್ನು ಕಂಡರೆ ಮುಖ ತಿರುಗಿಸುತ್ತಿದ್ದವಳು ನಾನು. ದಿನಾ ಬೆಳಿಗ್ಗೆ ಎಂಟೂವರೆಗೆ ನಾನೂ ಹಾಗೆಯೇ ಹೋಗುತ್ತಿದ್ದೆ ಎಂದು ತಿಳಿದಾಗ ಆದ ನಾಚಿಕೆಯನ್ನು ಹೇಗೆ ಹೇಳಲಿ? ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹನ್ನೊಂದು ಮೀಟರ್ ಸಾಗುತ್ತದೆ. ಎರಡು ಸಲ ಬೆಲ್ ಹೊಡೆಯಲು ಎಷ್ಟು ಹೊತ್ತು ಬೇಕು, ಲೆಕ್ಕ ಹಾಕಿ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕಾರಣಗಳ ಪಟ್ಟಿಯಲ್ಲಿ ಫೋನ್ ಬಳಕೆಗೂ ಒಂದು ಕಾಲಂ ಇದೆ. ಸಾವುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಅತಿವೇಗದ ಕಾಲಮಿಗೆ ಹೋಗುತ್ತವೆ. ಫೋನಿನ ಕಾಲಂ ಬಹಳ ಚಿಕ್ಕದು. ಅದು ಯಾಕೆ ಚಿಕ್ಕದು ಎಂದು ನನಗೆ ಈಗ ಅನುಮಾನ. ಬಿದ್ದ ಮೇಲೆ ಫೋನ್ ಬ್ಯಾಗಿಗೆ ಹೋಗುತ್ತದೆ. ಎದುರಿನವನು ಅಡ್ಡ ಬಂದವನಾಗುತ್ತಾನೆ.

ಸ್ಕೂಟರಿನಲ್ಲಿ ಮಾತು ಬಿಟ್ಟೆ. ಆದರೆ ಚಟ ಅಷ್ಟು ಬೇಗ ಬಿಡುತ್ತದೆಯೇ? ನಾಲ್ಕು ತಿಂಗಳ ಮೇಲೆ ಸರಸ್ವತಿಪುರಂನಲ್ಲಿ ನಡೆದುಹೋಗುವಾಗ ವಾಟ್ಸ್ಆ್ಯಪ್ ಓದುತ್ತಾ ಫುಟ್‌ಪಾತಿನಿಂದ ರಸ್ತೆಗೆ ಇಳಿದುಬಿಟ್ಟೆ. ಬಸ್ಸಿನ ಬ್ರೇಕಿನ ಸದ್ದಿಗೆ ಎಚ್ಚರವಾಯಿತು. ನಡೆಯುವವರಿಗೂ ಕಾನೂನು ಮಾಡಿದ ಊರುಗಳಿವೆ. ಹವಾಯಿಯ ಹೊನೊಲುಲುವಿನಲ್ಲಿ 2017ರ ಅಕ್ಟೋಬರ್ 25ರಿಂದ, ಪರದೆ ನೋಡುತ್ತಾ ರಸ್ತೆ ದಾಟಿದರೆ ಮೊದಲ ಸಲಕ್ಕೆ 15ರಿಂದ 35 ಡಾಲರ್ ದಂಡ. ಜಪಾನಿನ ಯಮಾತೊ ನಗರದಲ್ಲಿ 2020ರ ಜುಲೈ 1ರಿಂದ ನಡೆಯುತ್ತಾ ಫೋನ್ ನೋಡುವಂತಿಲ್ಲ, ಆದರೆ ದಂಡವಿಲ್ಲ. ನಮ್ಮಲ್ಲಿ ನಡೆಯುವವರಿಗೆ ದಂಡ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನಡೆಯುವವಳು ಕಣ್ಣು ತಪ್ಪಿದರೆ ಮುರಿಯುವುದು ಹೆಚ್ಚಾಗಿ ಅವಳದೇ ಕೈ. ನಡೆಯಲು ಫುಟ್‌ಪಾತೇ ಇಲ್ಲದ ಕಡೆ ದಂಡದ ಚೀಟಿ ಹರಿಯುವುದು ಅನ್ಯಾಯ. ಯಮಾತೊ ಹೇಳುವಷ್ಟು ಹೇಳಿದರೆ ಸಾಕು: ನೋಡಲೇಬೇಕಾದರೆ ನಿಂತು ನೋಡಿ. ಗಾಡಿ ಓಡಿಸುವವರ ವಿಷಯ ಬೇರೆ. ಅಲ್ಲಿ ಕಾನೂನು ಇನ್ನೂ ಬಿಗಿಯಾಗಲಿ, ಹೆಲ್ಮೆಟ್ಟಿನೊಳಗೆ ಇಣುಕಿ ನೋಡಲಿ.

ಅಜ್ಜ ಈಗ ಮತ್ತೆ ಸೈಕಲ್ಲಿನಲ್ಲಿ ಬರುತ್ತಾರೆ. ಮಣಿಕಟ್ಟು ಪೂರ್ತಿ ಮಡಚುವುದಿಲ್ಲ, ಕಟ್ಟನ್ನು ಎಡಗೈಯಿಂದಲೇ ಎತ್ತಿಕೊಡುತ್ತಾರೆ. ಅವರ ಹತ್ತಿರವೂ ಬಟನ್ನಿನ ಒಂದು ಫೋನ್ ಇದೆ. ಮೊನ್ನೆ ನಮ್ಮ ಬೀದಿಯಲ್ಲಿ ಅದು ಹೊಡೆದುಕೊಂಡಿತು. ಅವರು ಸೈಕಲ್ ಇಳಿದರು, ಹೊಂಗೆ ಮರದ ಪಕ್ಕಕ್ಕೆ ತಳ್ಳಿದರು, ಸ್ಟ್ಯಾಂಡ್ ಹಾಕಿದರು, ಆಮೇಲೆ ಜೇಬಿಗೆ ಕೈ ಹಾಕಿದರು. ಅಷ್ಟರಲ್ಲಿ ಕರೆ ನಿಂತುಹೋಯಿತು. ಮತ್ತೆ ಹೊಡೆಯುವವರೆಗೆ ಅಲ್ಲೇ ಕಾದರು.

ಅಕ್ಕ ಈಗ ಫೋನ್ ಮಾಡಿದಾಗ ಮೊದಲು ಕೇಳುವುದು, "ಗಾಡಿ ಮೇಲಿದ್ದೀಯೇನೇ?" ಎಂದು. ನೀವೂ ಕೇಳಿ. ಆ ಕಡೆ ಹಾರ್ನ್ ಸದ್ದು ಕೇಳಿಸಿದರೆ, ಮಾತು ಎಷ್ಟೇ ಮುಖ್ಯವಾಗಿರಲಿ, ದಯವಿಟ್ಟು ಫೋನ್ ಇಟ್ಟುಬಿಡಿ.